ಗಣನಾತ್ಮಕ ಚಿಂತನೆ: ವ್ಯಾಖ್ಯಾನವನ್ನು ಉರು ಹೊಡೆಯದೆ ಅರ್ಥ ಮಾಡಿಕೊಳ್ಳುವ ಬಗೆ

ಶಿಕ್ಷಕರ ತರಬೇತಿಯಿರಲಿ, ಕೋಡಿಂಗ್ ತರಗತಿಯ ಜಾಹೀರಾತಿರಲಿ, ‘ಕಂಪ್ಯೂಟೇಷನಲ್ ಥಿಂಕಿಂಗ್’ (ಗಣನಾತ್ಮಕ ಚಿಂತನೆ) ಎಂದೊಡನೆ ನಾಲ್ಕು ಪದಗಳು ಪಟಪಟನೆ ಉದುರುತ್ತವೆ: ವಿಭಜನೆ, ವಿನ್ಯಾಸ (ಮರುಕಳಿಸುವ ಮಾದರಿ) ಗುರುತಿಸುವಿಕೆ, ಅಮೂರ್ತೀಕರಣ (ಬೇಡದ ವಿವರ ಬಿಡುವುದು), ಕ್ರಮವಿಧಿ (ಅಲ್ಗಾರಿದಮ್, ಅಂದರೆ ಒಂದಾದ ಮೇಲೆ ಒಂದು ನಡೆಸುವ ಹೆಜ್ಜೆಗಳು). ಬ್ರಿಟನ್ನಿನ ಬಿಬಿಸಿ ಬೈಟ್‌ಸೈಜ್ ಶಾಲಾ ಪಾಠಗಳು ಇವನ್ನು ಮೂಲೆಗಲ್ಲುಗಳೆಂದು ಕರೆದವು. ಅಲ್ಲಿಂದೀಚೆಗೆ ಎಲ್ಲರ ಸ್ಲೈಡುಗಳಲ್ಲೂ ಇವೇ ನಾಲ್ಕು ಪೆಟ್ಟಿಗೆಗಳು. ಪರೀಕ್ಷೆಗೆ ಬರೆಯಲು ಇಷ್ಟು ಸಾಕು, ಅರ್ಥವಾಗಲು ಸಾಲದು. ಮದುವೆಮನೆಯ ಅಡುಗೆಭಟ್ಟರೂ ಕೆಲಸವನ್ನು ಭಾಗ ಮಾಡಿಕೊಳ್ಳುತ್ತಾರೆ, ಹಳೆಯ ಅನುಭವದಿಂದ ಅಳತೆ ಗ್ರಹಿಸುತ್ತಾರೆ, ಬೇಡದ್ದನ್ನು ಬಿಡುತ್ತಾರೆ, ಒಂದಾದ ಮೇಲೆ ಒಂದು ಮಾಡುತ್ತಾರೆ. ಅದೂ ಗಣನಾತ್ಮಕ ಚಿಂತನೆಯೇ? ಹೌದೆಂದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಅಲ್ಲವೆಂದರೆ, ಏಕೆ ಅಲ್ಲ ಎಂಬುದನ್ನು ಆ ನಾಲ್ಕು ಪದಗಳು ಹೇಳುವುದಿಲ್ಲ.

ಈ ಲೇಖನ ಶಿಕ್ಷಕರಿಗೆ, ಪೋಷಕರಿಗೆ ಮತ್ತು ವಿಷಯ ತಿಳಿಯುವ ಕುತೂಹಲವಿರುವವರಿಗೆ. ಕಂಪ್ಯೂಟರ್ ಬೇಕಿಲ್ಲ. ಒಂದಿಷ್ಟು ಕಾಗದ, ಪೆನ್ಸಿಲ್, ಅಂಕಿ ಬರೆದ ಕೆಲವು ಚೀಟಿಗಳು ಮತ್ತು ಹೇಳಿದಷ್ಟನ್ನು ಮಾತ್ರ ಮಾಡಲು ಒಪ್ಪುವ ಒಬ್ಬ ಜೊತೆಗಾರ ಇದ್ದರೆ ಆಯಿತು. ಕೊನೆಯದು ಸಿಗುವುದೇ ಕಷ್ಟ.

ಹೆಜ್ಜೆ 1: ವ್ಯಾಖ್ಯಾನಗಳನ್ನು ಎದುರುಬದುರು ಇಡಿ

ಈ ಮಾತನ್ನು ಮೊದಲು ಬಳಸಿದವರಲ್ಲಿ ಸೇಮೂರ್ ಪ್ಯಾಪರ್ಟ್ ಒಬ್ಬರು. 1967ರಲ್ಲಿ ಸಹೋದ್ಯೋಗಿಗಳೊಂದಿಗೆ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದವರು ಅವರು. 1980ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಪದಗುಚ್ಛವನ್ನು ಹಾದುಹೋಗುವ ಮಾತಿನಂತೆ ಬಳಸಿದರೇ ಹೊರತು ವ್ಯಾಖ್ಯಾನ ಕೊಡಲಿಲ್ಲ. ಅವರ ಆಸಕ್ತಿಯಿದ್ದದ್ದು ಬೇರೆ ಕಡೆ: ಸೂಚನೆಯಂತೆ ಪರದೆಯ ಮೇಲೆ ಚಲಿಸಿ ಗೆರೆ ಎಳೆಯುವ ಲೋಗೋದ ‘ಆಮೆ’ಗೆ ಚೌಕ ಬರೆಯುವುದನ್ನು ಹೇಳಿಕೊಡಲು ಹೊರಟ ಮಗು, ಚೌಕವೆಂದರೇನೆಂದು ತಾನೇ ಮೊದಲ ಬಾರಿ ಸರಿಯಾಗಿ ಯೋಚಿಸುತ್ತದೆ ಎಂಬುದರಲ್ಲಿ.

ಮಾತು ಊರೆಲ್ಲ ಹರಡಿದ್ದು 2006ರ ಮಾರ್ಚ್‌ನಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೆನೆಟ್ ವಿಂಗ್ ಅಂದು ಬರೆದದ್ದು ಮೂರೇ ಪುಟದ ಲೇಖನ. ಕಂಪ್ಯೂಟರ್ ವಿಜ್ಞಾನದ ಮೂಲ ಪರಿಕಲ್ಪನೆಗಳ ನೆರವಿನಿಂದ ಸಮಸ್ಯೆ ಬಿಡಿಸುವುದು, ವ್ಯವಸ್ಥೆಗಳನ್ನು ರೂಪಿಸುವುದು, ಮನುಷ್ಯರ ನಡವಳಿಕೆಯನ್ನು ಅರ್ಥ ಮಾಡಿಕೊಳ್ಳುವುದು ಗಣನಾತ್ಮಕ ಚಿಂತನೆ ಎಂದರು. ಓದು, ಬರಹ, ಲೆಕ್ಕದ ಪಕ್ಕದಲ್ಲಿ ಇದನ್ನೂ ಪ್ರತಿ ಮಗುವಿಗೆ ಕಲಿಸಬೇಕು ಎಂದರು. ಇದು ಮನುಷ್ಯರು ಯೋಚಿಸುವ ಬಗೆಯೇ ಹೊರತು ಕಂಪ್ಯೂಟರುಗಳು ಯೋಚಿಸುವ ಬಗೆಯಲ್ಲ ಎಂದೂ ಸ್ಪಷ್ಟಪಡಿಸಿದರು.

ಆ ವ್ಯಾಖ್ಯಾನ ತೀರಾ ಅಗಲವಾಯಿತು ಎಂಬ ಆಕ್ಷೇಪ ಬಂತು. 2010–11ರ ಹೊತ್ತಿಗೆ ವಿಂಗ್ ತಮ್ಮ ಜೊತೆಗಾರರಾದ ಜಾನ್ ಕ್ಯೂನಿ ಮತ್ತು ಲ್ಯಾರಿ ಸ್ನೈಡರ್ ಅವರೊಡಗೂಡಿ ಅದನ್ನು ಬಿಗಿಗೊಳಿಸಿದರು. ಅದರ ತಾತ್ಪರ್ಯ ಇಷ್ಟು: ಸಮಸ್ಯೆಯನ್ನೂ ಅದರ ಪರಿಹಾರವನ್ನೂ ರೂಪಿಸುವಾಗ ನಡೆಯುವ ಚಿಂತನೆ ಇದು; ಆ ಪರಿಹಾರವು ಮಾಹಿತಿಯನ್ನು ಸಂಸ್ಕರಿಸಬಲ್ಲ ಒಂದು ಕರ್ತೃ ನಡೆಸಿಕೊಡಬಹುದಾದ ರೂಪದಲ್ಲಿ ಇರಬೇಕು. ಆ ಕರ್ತೃ ಯಂತ್ರವಾಗಬಹುದು, ಮನುಷ್ಯನಾಗಬಹುದು, ಇಬ್ಬರೂ ಸೇರಿದ್ದಾಗಬಹುದು. 2012ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆಲ್ಫ್ರೆಡ್ ಅಹೋ ಇದನ್ನೇ ಇನ್ನೂ ಚಿಕ್ಕದಾಗಿಸಿ, ಪರಿಹಾರವನ್ನು ಗಣನೆಯ ಹೆಜ್ಜೆಗಳಾಗಿ, ಕ್ರಮವಿಧಿಗಳಾಗಿ ನಿರೂಪಿಸಲು ಬರುವಂತೆ ಸಮಸ್ಯೆಯನ್ನು ರೂಪಿಸುವ ಚಿಂತನೆ ಎಂದರು. ಯಾವ ಬಗೆಯ ಗಣನಾ ಮಾದರಿಯ ಮೇಲೆ (ಅಂದರೆ ನಡೆಸುವವರಿಗೆ ಏನೇನು ಮಾಡಲು ಬರುತ್ತದೆ ಎಂಬುದರ ಮೇಲೆ) ಆ ಹೆಜ್ಜೆಗಳು ನಡೆಯುತ್ತವೆ ಎಂಬುದನ್ನು ಮೊದಲು ಹೇಳಿ ಎಂಬ ಒತ್ತಾಯ ಅವರದು.

ಪೀಟರ್ ಡೆನ್ನಿಂಗ್ ಅವರಂಥ ಹಿರಿಯ ಕಂಪ್ಯೂಟರ್ ವಿಜ್ಞಾನಿಗಳ ತಕರಾರು ಮತ್ತೊಂದು. ಕ್ರಮವಿಧಿಯ ಚಿಂತನೆಗೆ ದೊಡ್ಡ ಇತಿಹಾಸವಿದೆ, 2006ರಲ್ಲಿ ಹುಟ್ಟಿದ್ದೇನಲ್ಲ ಎಂದು ಅವರು ಬರೆಯುತ್ತಲೇ ಬಂದಿದ್ದಾರೆ. ಮಾತು ಸತ್ಯ. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಕಂಡುಹಿಡಿಯುವ ಯೂಕ್ಲಿಡನ ವಿಧಾನ ಎರಡು ಸಾವಿರ ವರ್ಷಕ್ಕೂ ಹಳೆಯದು. 12ನೇ ಶತಮಾನದ ರಾಜಾದಿತ್ಯ ಲೆಕ್ಕದ ಸೂತ್ರಗಳನ್ನು ಕನ್ನಡದಲ್ಲೇ ಬರೆದಿಟ್ಟ.

ನನ್ನನ್ನು ಕೇಳಿದರೆ, ಕೈಗೆ ಹತ್ತುವ ವ್ಯಾಖ್ಯಾನ ವಿಂಗ್ ಮತ್ತು ಜೊತೆಗಾರರ 2010–11ರದ್ದು. ಅದರಲ್ಲಿ ಒಂದು ಪರೀಕ್ಷೆ ಅಡಗಿದೆ. ನಿಮ್ಮ ಪರಿಹಾರವನ್ನು, ನಿಮ್ಮ ಮನಸ್ಸಿನಲ್ಲೇನಿದೆ ಎಂದು ಗೊತ್ತಿಲ್ಲದ ಇನ್ನೊಬ್ಬರು ನಡೆಸಿ ನಿಮ್ಮದೇ ಫಲಿತಾಂಶ ತಲುಪಬಲ್ಲರೇ? ತಲುಪಿದರೆ ನೀವು ಮಾಡಿದ್ದು ಗಣನಾತ್ಮಕ ಚಿಂತನೆ. ಭಟ್ಟರ ‘ಹದಕ್ಕೆ ಬರುವವರೆಗೆ ಕಾಯಿಸಿ’ ಈ ಪರೀಕ್ಷೆಯಲ್ಲಿ ನಪಾಸು, ಸಾರು ಎಷ್ಟೇ ರುಚಿಯಾಗಿದ್ದರೂ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಪರೀಕ್ಷೆಯ ಸುತ್ತಲೇ ಇವೆ.

ಹೆಜ್ಜೆ 2: ನಡೆಸುವವರು ಯಾರು ಎಂದು ನಿಗದಿ ಮಾಡಿ

ಕಾಗದದ ಮೇಲೆ ಮೊದಲು ಇದನ್ನು ಬರೆಯಿರಿ: ನನ್ನ ಸೂಚನೆಗಳನ್ನು ನಡೆಸುವವರಿಗೆ ಏನೇನು ಗೊತ್ತು? ಏನು ಗೊತ್ತಿಲ್ಲ? ‘ಅಂಕಿ ಓದಬಲ್ಲರು, ಎರಡು ಅಂಕಿಗಳಲ್ಲಿ ದೊಡ್ಡದು ಯಾವುದೆಂದು ಹೇಳಬಲ್ಲರು, ಕಾಗದವನ್ನು ಎತ್ತಿ ಇಡಬಲ್ಲರು, ಇಷ್ಟೇ’ ಎಂದರೆ ಸಾಕು. ಈ ಪಟ್ಟಿಯೇ ಅಹೋ ಕೇಳಿದ ಮಾದರಿ. ಇದಿಲ್ಲದೆ ಸೂಚನೆ ಸಾಕಾಯಿತೋ ಇಲ್ಲವೋ ಎಂದು ಅಳೆಯುವ ಗೆರೆಯೇ ಇರುವುದಿಲ್ಲ.

ಒಂದು ಎಚ್ಚರಿಕೆ. ಈಗಿನ ಎಐ ಚಾಟ್‌ಬಾಟ್‌ಗಳನ್ನು ಈ ಅಭ್ಯಾಸದ ಜೊತೆಗಾರರನ್ನಾಗಿ ಮಾಡಿಕೊಳ್ಳಬೇಡಿ. ನೀವು ಬಿಟ್ಟ ಜಾಗವನ್ನು ಅವು ತಾವೇ ಊಹಿಸಿ ತುಂಬಿಬಿಡುತ್ತವೆ. ಎಲ್ಲಿ ಬಿಟ್ಟಿರಿ ಎಂಬುದು ನಿಮಗೆ ಕಾಣುವುದೇ ಇಲ್ಲ. ಬುದ್ಧಿವಂತ ಗೆಳೆಯರೂ ಅಷ್ಟೇ. ಹತ್ತು ವರ್ಷದ ಹಟಮಾರಿ ಮಗು ಇದಕ್ಕೆ ಬಲು ಸೂಕ್ತ.

ಹೆಜ್ಜೆ 3: ಬೇಡದ್ದನ್ನು ಬಿಡಿ, ಬೇಕಾದ್ದನ್ನು ಗುರುತಿಸಿ

ಅಮೂರ್ತೀಕರಣ ಎಂದೊಡನೆ ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತಂತಾಗುತ್ತದೆ. ಅದರ ಬದಲು ಒಂದು ಚುಕ್ಕಿ ರಂಗೋಲಿಯನ್ನು ಎದುರಿಗಿಟ್ಟುಕೊಳ್ಳಿ.

ವಾರಪತ್ರಿಕೆಗಳಲ್ಲಿ ರಂಗೋಲಿಯ ಕೆಳಗೆ ಒಂದು ಪುಟ್ಟ ಸಾಲು ಇರುತ್ತಿತ್ತು: ‘7 ಚುಕ್ಕಿ, 1ರವರೆಗೆ, ನೇರ ಚುಕ್ಕಿ’. ಅಂಗಳದ ಅಳತೆ, ಪುಡಿಯ ಬಣ್ಣ, ಬಿಡಿಸುವವರ ಕೈಬೆರಳು, ಯಾವುದೂ ಅದರಲ್ಲಿಲ್ಲ. ಆದರೂ ಬೀದರಿನಲ್ಲಿ ಓದಿದವರೂ ಮೈಸೂರಿನಲ್ಲಿ ಓದಿದವರೂ ಒಂದೇ ಚುಕ್ಕಿಜಾಲವನ್ನು ಇಡುತ್ತಾರೆ. ನಡುವಿನ ಸಾಲಿನಲ್ಲಿ 7, ಮೇಲೂ ಕೆಳಗೂ 5, 3, 1. ಒಟ್ಟು 25 ಚುಕ್ಕಿ.

ಈಗ ಅದೇ ಸಾಲಿನಿಂದ ‘ನೇರ’ ಎಂಬ ಒಂದು ಪದ ಅಳಿಸಿ. ಒಬ್ಬರು ಮೇಲಿನಂತೆಯೇ ಇಡುತ್ತಾರೆ. ಇನ್ನೊಬ್ಬರು ಪ್ರತಿ ಚುಕ್ಕಿಯನ್ನು ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವೆ ಬರುವಂತೆ, ಅಂದರೆ ಮಧ್ಯ ಚುಕ್ಕಿಯಾಗಿ ಇಡುತ್ತಾರೆ. ಆಗ ಸಾಲುಗಳು 7, 6, 5, 4, 3, 2, 1. ಎರಡೂ ಬದಿ ಸೇರಿ 49 ಚುಕ್ಕಿ. ಸೂಚನೆ ಒಂದೇ, ಅಂಗಳದಲ್ಲಿ ಬಿದ್ದದ್ದು ಎರಡು ಬೇರೆ ಜಾಲ. ಬಣ್ಣವನ್ನು ಹೇಳದಿದ್ದರೂ ನಡೆಯಿತು, ‘ನೇರ’ ಹೇಳದಿದ್ದರೆ ನಡೆಯಲಿಲ್ಲ. ಯಾವುದನ್ನು ಬಿಟ್ಟರೆ ಫಲಿತಾಂಶ ಕೆಡುವುದಿಲ್ಲ, ಯಾವುದನ್ನು ಬಿಟ್ಟರೆ ಕೆಡುತ್ತದೆ ಎಂದು ಬೇರ್ಪಡಿಸುವ ಈ ಕೆಲಸವೇ ಅಮೂರ್ತೀಕರಣ. ಅದಕ್ಕಿಂತ ನಿಗೂಢವಾದದ್ದೇನೂ ಅಲ್ಲಿಲ್ಲ.

ಇದು ನನ್ನ ಕಲ್ಪನೆಯ ಹೋಲಿಕೆಯೇನಲ್ಲ. ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1970ರ ದಶಕದಲ್ಲೇ ತಮಿಳುನಾಡಿನ ಕೋಲಂ (ರಂಗೋಲಿ) ವಿನ್ಯಾಸಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣಗಳ (ಚಿಹ್ನೆಗಳನ್ನು ಜೋಡಿಸುವ ನಿಯಮಗಳ) ಮೂಲಕ ನಿರೂಪಿಸಿ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದರು.

ಅಭ್ಯಾಸ: ನಿಮಗೆ ಗೊತ್ತಿರುವ ಒಂದು ಚುಕ್ಕಿ ರಂಗೋಲಿಯನ್ನು ಚಿತ್ರವಿಲ್ಲದೆ, ಬರಿಯ ಮಾತಿನಲ್ಲಿ, ಫೋನಿನಲ್ಲಿ ಹೇಳಿ ಇನ್ನೊಬ್ಬರಿಂದ ಬಿಡಿಸಿಸಿ. ಚುಕ್ಕಿ ಇಡಿಸುವುದು ಸುಲಭ. ಎಳೆ ಎಳೆಸಲು ಹೊರಟಾಗ, ಪ್ರತಿ ಚುಕ್ಕಿಗೂ ಒಂದು ಹೆಸರು ಬೇಕೆಂಬುದು ತಾನಾಗಿ ಹೊಳೆಯುತ್ತದೆ: ಎಷ್ಟನೇ ಸಾಲು, ಎಷ್ಟನೇ ಚುಕ್ಕಿ.

ಹೆಜ್ಜೆ 4: ಸೂಚನೆ ಬರೆದು, ಕೈಬಿಟ್ಟು, ನೋಡಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಶಾಲೆಯ ಉತ್ತರ ಪತ್ರಿಕೆಗಳ ಕಟ್ಟನ್ನು ರೋಲ್ ನಂಬರಿನ ಏರಿಕೆ ಕ್ರಮದಲ್ಲಿ ಜೋಡಿಸುವ ಕೆಲಸ ತೆಗೆದುಕೊಳ್ಳೋಣ. ಬಹಳಷ್ಟು ಶಿಕ್ಷಕರು ಮೊದಲು ಹತ್ತರ ಸ್ಥಾನ ನೋಡಿ ರಾಶಿ ಮಾಡಿ, ಆಮೇಲೆ ಪ್ರತಿ ರಾಶಿಯನ್ನೂ ಬೇರೆಬೇರೆಯಾಗಿ ಜೋಡಿಸುತ್ತಾರೆ. ನಾವು ತಿರುವುಮುರುವಾಗಿ, ಬಿಡಿ ಸ್ಥಾನದಿಂದ ಹೊರಡೋಣ. 1890ರ ಅಮೆರಿಕದ ಜನಗಣತಿಗಾಗಿ ಹರ್ಮನ್ ಹೊಲೆರಿತ್ ಬಳಕೆಗೆ ತಂದ ತೂತುಕಾರ್ಡುಗಳ ಪರಂಪರೆಯಲ್ಲಿ ಮುಂದೆ ಬಂದ ವಿಂಗಡಣೆ ಯಂತ್ರಗಳಲ್ಲಿ ಕಾರ್ಡುಗಳನ್ನು ಹೀಗೆಯೇ, ಬಲತುದಿಯ ಅಂಕಿಯಿಂದ ಆರಂಭಿಸಿ ಜೋಡಿಸುತ್ತಿದ್ದರು.

ಸೂಚನೆಗಳು:

1. ಕಟ್ಟಿನ ಮೇಲಿನ ಪತ್ರಿಕೆಯನ್ನು ತೆಗೆದುಕೊಳ್ಳಿ.
2. ಅದರ ಸಂಖ್ಯೆಯ ಬಿಡಿ ಸ್ಥಾನದ ಅಂಕಿ ನೋಡಿ, ಆ ಅಂಕಿಯ ರಾಶಿಯ ಮೇಲೆ ಇಡಿ.
3. ಕಟ್ಟು ಮುಗಿಯುವವರೆಗೆ ಇದನ್ನೇ ಮಾಡಿ.
4. ರಾಶಿಗಳನ್ನು ಒಂದು ಕಟ್ಟು ಮಾಡಿ: 0ಯ ರಾಶಿ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ 1, ಹೀಗೆ 9ರವರೆಗೆ.
5. ಈಗ ಹತ್ತರ ಸ್ಥಾನದ ಅಂಕಿಗೆ ಇದೇ ನಾಲ್ಕು ಹೆಜ್ಜೆಗಳನ್ನು ಮತ್ತೊಮ್ಮೆ ನಡೆಸಿ.

ಮನಸ್ಸಿನಲ್ಲೇ ಓದಿಕೊಂಡರೆ ಸರಿಯಾಗಿದೆ ಎನಿಸುತ್ತದೆ. ಏಳು ಚೀಟಿಗಳಲ್ಲಿ 42, 17, 35, 12, 47, 31, 15 ಎಂದು ಬರೆದು, ಇದೇ ಕ್ರಮದಲ್ಲಿ ಒಂದರ ಕೆಳಗೊಂದು ಇಟ್ಟು ಜೊತೆಗಾರರ ಕೈಗೆ ಕೊಡಿ. ನೀವು ತುಟಿ ಬಿಚ್ಚಬಾರದು, ಕಣ್ಸನ್ನೆಯೂ ಕೂಡದು.

ಅವರು ಮೇಲಿನಂತೆ ನಡೆಸಿದರೆ ಕೊನೆಗೆ ಸಿಗುವುದು: 17, 15, 12, 35, 31, 47, 42. ಹತ್ತರ ಸ್ಥಾನಗಳು ಸರಿ ಕುಳಿತಿವೆ. ಪ್ರತಿ ಗುಂಪಿನೊಳಗೆ ಮಾತ್ರ ಕ್ರಮ ತಲೆಕೆಳಗು. ಇಲ್ಲಿ ‘ತಪ್ಪಾಯಿತು, ಇನ್ನೊಮ್ಮೆ ಮಾಡಿ’ ಎನ್ನಬೇಡಿ. ತಪ್ಪಿನ ಆಕಾರವನ್ನೇ ನೋಡಿ. ಅಲ್ಲೊಂದು ಇಲ್ಲೊಂದು ಎಡವಿದ್ದಲ್ಲ, ಎಲ್ಲ ಗುಂಪುಗಳಲ್ಲೂ ಒಂದೇ ಬಗೆಯ ತಪ್ಪು. ಅಂದರೆ ನಡೆಸಿದವರ ಅಜಾಗರೂಕತೆಯಲ್ಲ, ಸೂಚನೆಯದೇ ದೋಷ.

ಎರಡನೇ ಸುತ್ತಿನಲ್ಲಿ 12, 15, 17 ಇದೇ ಕ್ರಮದಲ್ಲಿ ‘1’ರ ರಾಶಿಗೆ ಬಂದವು. ಆದರೆ ಮೊದಲು ಬಂದ 12 ತಳ ಸೇರಿತು, ಕೊನೆಗೆ ಬಂದ 17 ಮೇಲೆ ಕುಳಿತಿತು. ಮೇಲಿನಿಂದ ಓದಿದರೆ ಉಲ್ಟಾ. ಪತ್ರಿಕೆಯನ್ನು ಹೇಗೆ ಇಡಬೇಕು ಎಂದು ನಾವು ಹೇಳಿರಲಿಲ್ಲ. ನಮ್ಮ ಕೈಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ತಿದ್ದುಪಡಿ ಹೀಗೆ: ಎರಡನೇ ಸೂಚನೆಯಲ್ಲಿ ‘ಪತ್ರಿಕೆಯನ್ನು ಮಗುಚಿ, ಬರಹ ಕೆಳಗಾಗುವಂತೆ ಇಡಿ’ ಎಂದೂ, ನಾಲ್ಕನೆಯದರ ಆರಂಭದಲ್ಲಿ ‘ಪ್ರತಿ ರಾಶಿಯನ್ನು ಇಡಿಯಾಗಿ ಮಗುಚಿ, ಬರಹ ಮೇಲಾಗಲಿ’ ಎಂದೂ ಸೇರಿಸಿ. ಮತ್ತೆ ನಡೆಸಿ. ಈ ಬಾರಿ 12, 15, 17, 31, 35, 42, 47.

ಅಲ್ಲಿಗೆ ಮುಗಿಯಲಿಲ್ಲ. ಈಗ ಸೂಚನೆಯನ್ನು ಕೆಡಿಸಲೆಂದೇ ಪ್ರಯತ್ನಿಸಿ. ಬರಿಯ ‘7’ ಎಂದು ಬರೆದ ಚೀಟಿ ಹಾಕಿ. ಹಟಮಾರಿ ಜೊತೆಗಾರ ‘ಇದಕ್ಕೆ ಹತ್ತರ ಸ್ಥಾನವೇ ಇಲ್ಲವಲ್ಲ’ ಎಂದು ನಿಂತುಬಿಡಬೇಕು. ಒಂದೇ ಅಂಕಿಯಿದ್ದರೆ ಹತ್ತರ ಸ್ಥಾನ 0 ಎಂದು ತಿಳಿಯಿರಿ ಎಂದು ಬರೆಯಬೇಕಾಗುತ್ತದೆ. ನಂಬರೇ ಬರೆಯದ ಪತ್ರಿಕೆ ಬಂದರೆ? ಪ್ರತಿ ಪರೀಕ್ಷೆಯಲ್ಲೂ ಅಂಥದ್ದೊಂದು ಬಂದೇ ಬರುತ್ತದೆ. ಗೈರುಹಾಜರಾದವರ ನಂಬರು ಇಲ್ಲದಿದ್ದರೆ? ಅದರಿಂದ ಏನೂ ಕೆಡುವುದಿಲ್ಲ, ಏಕೆ ಕೆಡುವುದಿಲ್ಲ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಒಂದೇ ನಂಬರಿನ ಎರಡು ಪತ್ರಿಕೆ ಬಂದರೆ ಅವು ಅಕ್ಕಪಕ್ಕ ಬಂದು ಕೂರುತ್ತವೆ, ಆದರೆ ಯಾರೂ ನಿಮ್ಮನ್ನು ಎಚ್ಚರಿಸುವುದಿಲ್ಲ. ಎಚ್ಚರಿಸಬೇಕು ಎಂದಿದ್ದರೆ ಅದಕ್ಕೂ ಒಂದು ಸೂಚನೆ ಬೇಕು.

ಕಂಪ್ಯೂಟರಿನವರು ಇದನ್ನು ಡೀಬಗ್ಗಿಂಗ್ ಎನ್ನುತ್ತಾರೆ. ನಾಲ್ಕು ಮೂಲೆಗಲ್ಲುಗಳ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಆ ಪಟ್ಟಿಯ ಮೇಲೆ ನನಗಿರುವ ದೊಡ್ಡ ದೂರು ಅದೇ. ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಪರಿಸರವನ್ನು ಅಧ್ಯಯನ ಮಾಡಿದ ಕ್ಯಾರೆನ್ ಬ್ರೆನನ್ ಮತ್ತು ಮಿಚೆಲ್ ರೆಸ್ನಿಕ್ 2012ರಲ್ಲಿ ಮುಂದಿಟ್ಟ ಚೌಕಟ್ಟು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಪರಿಕಲ್ಪನೆಗಳು, ರೂಢಿಗಳು, ದೃಷ್ಟಿಕೋನಗಳು ಎಂದು ಮೂರು ಭಾಗ ಮಾಡಿ, ಪರೀಕ್ಷಿಸುವುದನ್ನೂ ದೋಷ ತಿದ್ದುವುದನ್ನೂ ರೂಢಿಗಳ ಸಾಲಿನಲ್ಲಿ ಅವರು ಹೆಸರಿಟ್ಟೇ ಸೇರಿಸಿದರು.

ಹೆಜ್ಜೆ 5: ಖರ್ಚು ಲೆಕ್ಕ ಹಾಕಿ

ಕೆಲಸ ಆಗುತ್ತದೆ ಎಂಬುದು ಒಂದು, ಎಷ್ಟರಲ್ಲಿ ಆಗುತ್ತದೆ ಎಂಬುದು ಇನ್ನೊಂದು. ಒಂದೊಂದೇ ಪತ್ರಿಕೆಯನ್ನು ತೆಗೆದು, ಜೋಡಿಸಿದ ಕಟ್ಟಿನಲ್ಲಿ ಅದರ ಜಾಗವನ್ನು ತುದಿಯಿಂದ ಹುಡುಕಿ ಸೇರಿಸುವ ಕ್ರಮದಲ್ಲಿ 60 ಪತ್ರಿಕೆಗಳಿಗೆ ಸರಾಸರಿ 900ರಷ್ಟು ಬಾರಿ ನಂಬರು ಹೋಲಿಸಬೇಕಾಗುತ್ತದೆ. ನಮ್ಮ ರಾಶಿ ಕ್ರಮದಲ್ಲಿ ಪ್ರತಿ ಪತ್ರಿಕೆಯನ್ನು ಎರಡು ಬಾರಿ ಇಟ್ಟರೆ ಮುಗಿಯಿತು, ಒಟ್ಟು 120.

ಪತ್ರಿಕೆಗಳು 600 ಆದರೆ? ಮೊದಲ ಕ್ರಮದ ಹೋಲಿಕೆಗಳು ಸುಮಾರು 90,000ಕ್ಕೆ ಏರುತ್ತವೆ. ರಾಶಿ ಕ್ರಮಕ್ಕೆ ನೂರರ ಸ್ಥಾನದ ಇನ್ನೊಂದು ಸುತ್ತು ಸೇರಿ 1,800. ಹತ್ತು ಪಟ್ಟು ಕಟ್ಟಿಗೆ ಒಂದರ ಶ್ರಮ ನೂರು ಪಟ್ಟು, ಇನ್ನೊಂದರದು ಹದಿನೈದು ಪಟ್ಟು. ಹೋಲಿಸುವುದೂ ಇಡುವುದೂ ಒಂದೇ ಶ್ರಮವಲ್ಲ ಎಂದು ನೀವು ತಗಾದೆ ತೆಗೆಯಬಹುದು, ತೆಗೆಯಲೂ ಬೇಕು. ಜಾಗವನ್ನು ತುದಿಯಿಂದ ಹುಡುಕದೆ, ಪ್ರತಿ ಬಾರಿ ಅರ್ಧಕ್ಕೆ ತೆರೆದು ಹುಡುಕಿದರೆ 600ರ ಕಟ್ಟಿನಲ್ಲೂ 10 ನೋಟದೊಳಗೆ ಸಿಗುತ್ತದೆ. ಹಾಗಾದರೆ ಮೊದಲ ಕ್ರಮ ಅಷ್ಟೇನೂ ಕೆಟ್ಟದ್ದಲ್ಲವೇ? ಲೆಕ್ಕ ಹಾಕಿ ನೋಡಿ. ‘ನನಗೆ ಹೀಗೆ ಮಾಡಿ ರೂಢಿ’ ಎಂಬ ಮಾತಿಗೆ ಬದಲಾಗಿ ಸಂಖ್ಯೆ ಹಿಡಿದು ವಾದಿಸುವುದು ಈ ಚಿಂತನೆಯ ಅರ್ಧ ಭಾಗ.

ಹೆಜ್ಜೆ 6: ಎಲ್ಲಿ ನಿಲ್ಲಬೇಕು ಎಂದು ಗೆರೆ ಎಳೆಯಿರಿ

ವಿಂಗ್ ಅವರ 2006ರ ಲೇಖನದಲ್ಲಿ ಒಂದು ಉದಾಹರಣೆ ಇದೆ: ಮಗಳು ಬೆಳಿಗ್ಗೆ ಆ ದಿನಕ್ಕೆ ಬೇಕಾದ್ದನ್ನು ಶಾಲಾಚೀಲಕ್ಕೆ ತುಂಬಿಕೊಳ್ಳುವುದು, ಕಂಪ್ಯೂಟರ್ ಮುಂದೆ ಬೇಕಾಗುವ ಮಾಹಿತಿಯನ್ನು ಮೊದಲೇ ಹತ್ತಿರ ತಂದಿಟ್ಟುಕೊಳ್ಳುವಂತೆಯೇ ಎಂದು. ಕೇಳಲು ಚೆಂದ. ಆದರೆ ಆ ಹುಡುಗಿ ಚೀಲ ತುಂಬಿಕೊಂಡ ಮಾತ್ರಕ್ಕೆ ಗಣನಾತ್ಮಕ ಚಿಂತನೆ ಮಾಡಿದಳೆಂದು ನಾನು ಒಪ್ಪುವುದಿಲ್ಲ. ವೇಳಾಪಟ್ಟಿ ನೋಡಿ ಚೀಲ ತುಂಬುವ ನಿಯಮವನ್ನು ಬರೆದು, ತಮ್ಮನ ಕೈಗೆ ಕೊಟ್ಟು, ಅವನು ತಪ್ಪದೆ ತುಂಬಿದರೆ ಆಗ ಹೌದು. ಹೋಲಿಕೆ ಕಾಣುವುದಕ್ಕೂ ಚಿಂತನೆ ನಡೆಸುವುದಕ್ಕೂ ನಡುವಿನ ಈ ಅಂತರ ಮರೆತವರು, ಹಲ್ಲುಜ್ಜುವುದನ್ನೂ ಚಹಾ ಕಾಯಿಸುವುದನ್ನೂ ‘ಅಲ್ಗಾರಿದಮ್’ ಎಂದು ಮಕ್ಕಳಿಂದ ಬರೆಸಿ ತೃಪ್ತರಾಗುತ್ತಾರೆ.

ಇನ್ನೊಂದು ಬದಿಯಲ್ಲೂ ಗೆರೆ ಇದೆ. ಉತ್ತರ ಪತ್ರಿಕೆಗಳನ್ನು ಜೋಡಿಸುವುದಕ್ಕೆ ಸೂಚನೆ ಬರೆಯಬಹುದು. ಪ್ರಬಂಧಕ್ಕೆ ಅಂಕ ಕೊಡುವುದಕ್ಕೆ? ಪುಟ, ಪದ, ಕಾಗುಣಿತದ ತಪ್ಪು ಎಣಿಸುವ ನಿಯಮ ಬರೆಯಬಹುದು. ಹಾಗೆ ಬರೆದರೆ ಎಣಿಸಲು ಬರುವುದಕ್ಕೆ ಮಾತ್ರ ಅಂಕ ಬಿದ್ದು, ಒಳ್ಳೆಯ ಪ್ರಬಂಧ ಹಿಂದೆ ಬೀಳಬಹುದು. ಸಮಸ್ಯೆಯನ್ನು ಹೆಜ್ಜೆಗಳಿಗೆ ಒಗ್ಗಿಸುವಾಗ ಏನು ಕಳೆದುಹೋಯಿತು ಎಂದು ಒಂದು ಸಾಲು ಬರೆದಿಡುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 7: ತರಗತಿಗೆ ಒಯ್ಯಿರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲ ವಿದ್ಯಾರ್ಥಿಗಳು ಗಳಿಸಬೇಕಾದ ಕೌಶಲಗಳ ಸಾಲಿನಲ್ಲಿ ಡಿಜಿಟಲ್ ಸಾಕ್ಷರತೆ, ಕೋಡಿಂಗ್, ಕಂಪ್ಯೂಟೇಷನಲ್ ಥಿಂಕಿಂಗ್ ಎಂದು ಮೂರನ್ನೂ ಬಿಡಿಬಿಡಿಯಾಗಿ ಹೆಸರಿಸುತ್ತದೆ. ಕೋಡಿಂಗ್ ಚಟುವಟಿಕೆಗಳು 6ರಿಂದ 8ನೇ ತರಗತಿಯ ಹಂತದಲ್ಲಿ ಆರಂಭವಾಗಬೇಕು ಎನ್ನುತ್ತದೆ. ಶಾಲೆಗೆ ಕಂಪ್ಯೂಟರ್ ಬಂದಿಲ್ಲ, ಬಂದದ್ದು ಕೆಟ್ಟಿದೆ, ಕರೆಂಟಿಲ್ಲ ಎಂಬುದು ಮೂರನೆಯದಕ್ಕೆ ನೆಪವಾಗಲಾರದು.

ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಜೊತೆಗಾರರು ರೂಪಿಸಿದ, ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ‘ಸಿಎಸ್ ಅನ್‌ಪ್ಲಗ್ಡ್’ ಚಟುವಟಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲೊಂದಕ್ಕೆ ಬೇಕಾಗುವುದು ಅಂಗಳ, ಸೀಮೆಸುಣ್ಣ ಮತ್ತು ಆರು ಮಕ್ಕಳು. ನೆಲದ ಮೇಲೆ ಬರೆದ ಗೆರೆಗಳ ಮೇಲೆ ಅಂಕಿಯ ಚೀಟಿ ಹಿಡಿದು ನಡೆಯುತ್ತಾ, ಎದುರಾದ ಪ್ರತಿ ವೃತ್ತದಲ್ಲಿ ಇಬ್ಬರು ಹೋಲಿಸಿಕೊಂಡು, ಚಿಕ್ಕ ಅಂಕಿಯವರು ಎಡಕ್ಕೆ, ದೊಡ್ಡ ಅಂಕಿಯವರು ಬಲಕ್ಕೆ ಹೋದರೆ, ಕೊನೆಗೆ ಎಲ್ಲರೂ ಏರಿಕೆ ಕ್ರಮದಲ್ಲಿ ನಿಂತಿರುತ್ತಾರೆ. ಮಕ್ಕಳು ಇದನ್ನು ಮತ್ತೆ ಮತ್ತೆ ಆಡಲು ಕೇಳುತ್ತಾರೆ. ಇನ್ನು ಲಿಥುವೇನಿಯಾದಲ್ಲಿ ವ್ಯಾಲೆಂಟಿನಾ ಡಗೀನೆ 2004ರಲ್ಲಿ ಆರಂಭಿಸಿದ ಬೆಬ್ರಾಸ್ ಸ್ಪರ್ಧೆಯ ಪುಟ್ಟ ಒಗಟುಗಳಿವೆ. ಭಾರತದಲ್ಲಿ ಕಂಪ್ಯೂಟರ್ ವೃತ್ತಿಪರರ ಸಂಘವಾದ ಎಸಿಎಂ ಇಂಡಿಯಾದ ಸಿಎಸ್‌ಪಾಠಶಾಲಾ ಇದನ್ನು ನಡೆಸುತ್ತದೆ.

ಪರೀಕ್ಷೆಯಲ್ಲಿ ‘ಗಣನಾತ್ಮಕ ಚಿಂತನೆಯ ನಾಲ್ಕು ಅಂಶಗಳನ್ನು ಬರೆಯಿರಿ’ ಎಂದು ಕೇಳುವುದನ್ನು ಬಿಟ್ಟುಬಿಡಿ. ಅದರ ಬದಲು ಒಂದು ಕೆಟ್ಟ ಸೂಚನೆಯನ್ನೇ ಕೊಡಿ. ನಾಲ್ಕನೇ ಹೆಜ್ಜೆಯ ಐದು ಸೂಚನೆಗಳನ್ನು, ಮಗುಚುವ ತಿದ್ದುಪಡಿ ಸೇರಿಸದೆ, ಹಲಗೆಯ ಮೇಲೆ ಬರೆಯಿರಿ. ಪಕ್ಕದಲ್ಲಿ 53, 26, 58, 21, 50 ಎಂದು ಬರೆದು ಎರಡು ಪ್ರಶ್ನೆ ಕೇಳಿ: ಇದನ್ನು ಅಕ್ಷರಶಃ ನಡೆಸಿದರೆ ಕೊನೆಗೆ ಯಾವ ಕ್ರಮ ಸಿಗುತ್ತದೆ? ಎಲ್ಲಿ ಏನು ಸೇರಿಸಿದರೆ ಸರಿಹೋಗುತ್ತದೆ? ಮೊದಲನೆಯದಕ್ಕೆ ಉತ್ತರ 26, 21, 58, 53, 50. ಎರಡನೆಯದಕ್ಕೆ ಮಕ್ಕಳಿಂದ ನಾವು ಬರೆದದ್ದಲ್ಲದ ಉತ್ತರಗಳೂ ಬರುತ್ತವೆ. ‘ಎರಡನೇ ಸುತ್ತಿನಲ್ಲಿ ರಾಶಿಯ ಮೇಲೆ ಇಡುವ ಬದಲು ತಳಕ್ಕೆ ತೂರಿಸಿ’ ಎಂಬುದು ಅವುಗಳಲ್ಲೊಂದು. ಚೀಟಿ ಹಿಡಿದು ನಡೆಸಿ ನೋಡಿ, ಅದೂ ಸರಿಯೇ; ಪೂರ್ಣ ಅಂಕ ಕೊಡಿ.